ಕೊನೆಯ ಗರಿಯ ಸಮಾಚಾರ

ನಮ್ಮ ಕಡೆ ಮದುವೆಗೆ ಪಾತ್ರೆ ಕೊಡುವವರು ಹೆಸರು ಹಾಕಿಸದೆ ಕೊಡುವುದಿಲ್ಲ. ಹೊಸಪೇಟೆಯ ಪಾತ್ರೆ ಅಂಗಡಿಗಳಲ್ಲಿ ಇದಕ್ಕೆಂದೇ ಒಂದು ಪುಟ್ಟ ಯಂತ್ರ ಇರುತ್ತದೆ. ಗುಂಯ್ ಎಂದು ಸದ್ದು ಮಾಡುತ್ತ ಕೊಡದ ಕತ್ತಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುತ್ತದೆ: ಯಾರಿಂದ, ಯಾರಿಗೆ, ಯಾವ ತಾರೀಖು, ಯಾವ ಊರು. ಜುಗ್ಗ ನೆಂಟರು ಖರ್ಚು ಉಳಿಸಲೆಂದು ಬರೀ ಇನಿಷಿಯಲ್ ಹಾಕಿಸಿ ಕೈತೊಳೆದುಕೊಳ್ಳುತ್ತಾರೆ. ಅಂಥ ಒಬ್ಬರ ದೆಸೆಯಿಂದ ನಮ್ಮ ಅಟ್ಟದ ಮೇಲೆ ‘ಗೋ. ಕೃ.’ ಎಂದಷ್ಟೇ ಬರೆದ ಹಿತ್ತಾಳೆ ತಂಬಿಗೆಯೊಂದು ಕೂತಿದೆ. ಗೋವಿಂದಪ್ಪನೋ, ಗೋಪಾಲರಾಯನೋ, ಗೋದಾವರಿಬಾಯಿಯೋ? ಮನೆಯ ಹಿರಿಯರಲ್ಲಿ ಮೂವರನ್ನು ಕೇಳಿದರೆ ಮೂರು ಹೆಸರು ಬರುತ್ತವೆ, ಮೂರೂ ಖಡಾಖಂಡಿತವಾಗಿ.

ನನ್ನ ಉದ್ಯೋಗವೂ ಹೆಚ್ಚುಕಡಿಮೆ ಇದೇ. ಓಲೆಗರಿ ಕಟ್ಟುಗಳಿಗೆ, ಅವುಗಳಿಂದ ಕಂಪ್ಯೂಟರಿಗೆ ಇಳಿದ ಪಠ್ಯಗಳಿಗೆ ವಿವರ ತುಂಬುವುದು. ಯಾರಾದರೂ ಏನು ಕೆಲಸ ಎಂದು ಕೇಳಿದಾಗ ಮೆಟಾಡೇಟಾ ಬರೆಯುತ್ತೇನೆ ಅಂದರೆ ಅವರು ‘ಓಹೋ, ಕಂಪ್ಯೂಟರ್ನಾಗ ಇದ್ದೀರಿ’ ಎಂದು ಗೌರವದಿಂದ ನೋಡುತ್ತಾರೆ. ಹಳೇ ಓಲೆಗರಿ ಎಣಿಸುತ್ತೇನೆ ಅಂದರೆ ಕನಿಕರದಿಂದ ನೋಡುತ್ತಾರೆ. ಎರಡೂ ಒಂದೇ ಕುರ್ಚಿಯ ಕೆಲಸ.

ಒಂದು ಕಟ್ಟು ಬಂತೆನ್ನಿ. ಮೇಲೊಂದು ಕೆಳಗೊಂದು ಮರದ ಪಟ್ಟಿ, ನಡುವೆ ಗರಿಗಳು, ಎಲ್ಲವನ್ನೂ ತೂರಿ ಹೋದ ದಾರ. ದಾರ ಬಿಚ್ಚುವ ಮೊದಲೇ ನೋಡಿಕೊಳ್ಳಬೇಕು: ಅದು ಹಳೆಯದೋ, ನಿನ್ನೆ ಮೊನ್ನೆ ಕಿರಾಣಿ ಅಂಗಡಿಯ ಟ್ವೈನಿನಲ್ಲಿ ಕಟ್ಟಿದ್ದೋ. ಹೊಸ ದಾರವಾದರೆ ಗರಿಗಳ ಅನುಕ್ರಮವನ್ನು ನಂಬುವ ಹಾಗಿಲ್ಲ, ಯಾರೋ ಬಿಚ್ಚಿ ಚೆಲ್ಲಾಡಿ ಮತ್ತೆ ಪೋಣಿಸಿದ್ದಾರೆ. ಗರಿಯ ಎಡ ಅಂಚಿನಲ್ಲಿ ಸಂಖ್ಯೆ ಇರುತ್ತದೆ, ಇಲಿ ಹುಳಗಳು ಅದನ್ನು ಬಿಟ್ಟಿದ್ದರೆ. ಕಂಠ ಎಂಬ ಮೊನೆಯ ಲೇಖನಿಯಿಂದ ಗೀರಿದ ಅಕ್ಷರ ಒಮ್ಮೊಮ್ಮೆ ಕಣ್ಣಿಗೆ ಕಾಣುವುದೇ ಇಲ್ಲ. ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಸವರಿ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ಉಳಿದು, ಬೋಳು ಗರಿಯ ಮೇಲೆ ಸಾಲು ಸಾಲು ಬರಹ ಮೇಲೇಳುತ್ತದೆ. ಈ ಕೆಲಸ ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ. ಆಮೇಲೆ ಸಿಟ್ರೊನೆಲ್ಲಾ ಎಣ್ಣೆಯ ವಾಸನೆ ಸಂಜೆವರೆಗೂ ಕೈ ಬಿಡುವುದಿಲ್ಲ. ಮನೆಯಲ್ಲಿ ಸೊಳ್ಳೆ ಹತ್ತಿರ ಸುಳಿಯುವುದಿಲ್ಲ ಎಂಬುದೊಂದು ಲಾಭ.

ಇನ್ನು ನಮೂನೆ ತುಂಬುವುದು. ಕೃತಿ, ಕರ್ತೃ, ಗರಿ ಎಷ್ಟು, ಪುಟಕ್ಕೆ ಸಾಲು ಎಷ್ಟು, ಉದ್ದ ಅಗಲ, ಸಮಗ್ರವೋ ಅಸಮಗ್ರವೋ, ಲಿಪಿ, ಭಾಷೆ, ಆದಿ, ಅಂತ್ಯ, ಪ್ರತಿಕಾರ, ಪ್ರತಿಯ ಕಾಲ, ಕೊಟ್ಟವರು. ಲಿಪಿ ಮತ್ತು ಭಾಷೆಗೆ ಬೇರೆ ಬೇರೆ ಕಲಂ ಯಾಕೆ ಎಂದು ಹೊಸ ಹುಡುಗರು ಕೇಳುತ್ತಾರೆ. ಗಡಿ ಸೀಮೆಯಲ್ಲಿ ನಾಲ್ಕು ದಿನ ಇದ್ದರೆ ತಾನೇ ತಿಳಿಯುತ್ತದೆ. ಕನ್ನಡ ಅಕ್ಷರದಲ್ಲಿ ಸಂಸ್ಕೃತ ಇರುತ್ತದೆ, ತೆಲುಗು ಇರುತ್ತದೆ. ನಡುವೆ ಒಂದು ಗರಿಯಲ್ಲಿ ಮನೆಯ ಯಜಮಾನ ಯಾರಿಗೋ ಕೊಟ್ಟ ಜೋಳದ ಲೆಕ್ಕವೂ ಇರುತ್ತದೆ. ಆ ಲೆಕ್ಕಕ್ಕೆ ಯಾವ ಕಲಮಿನಲ್ಲೂ ಜಾಗ ಇಲ್ಲ. ನಾನು ‘ವಿಶೇಷ ವಿಚಾರ’ದಲ್ಲಿ ಹಾಕುತ್ತೇನೆ. ಕಾವ್ಯದ ಬೇರೆ ಪ್ರತಿ ಎಲ್ಲಾದರೂ ಸಿಕ್ಕೀತು, ಆ ಜೋಳ ಇನ್ನೆಲ್ಲೂ ಸಿಗುವುದಿಲ್ಲ.

ಕೊಟ್ಟವರು ಎಂಬ ಕಲಮಿಗೆ ಬಂದಾಗ ಸಂಭಾಷಣೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ.

‘ಇದು ಯಾರ ಕಾಲದ್ದು ಯಜಮಾನ್ರೇ?’

‘ನಮ್ಮ ಮುತ್ತಾತನ ಕಾಲದ್ದು ಸಾರ್.’

‘ಮುತ್ತಾತನ ಹೆಸರು?’

‘ಅದು ನಮ್ಮ ದೊಡ್ಡಪ್ಪಗ ಗೊತ್ತಿತ್ತು ಸಾರ್. ಅವರು ಹೋಗಿಬಿಟ್ರು.’

ಎಲ್ಲರ ಕಟ್ಟೂ ಮುತ್ತಾತನ ಕಾಲದ್ದೇ. ಎಲ್ಲರ ದೊಡ್ಡಪ್ಪಂದಿರೂ ಹೇಳದೆ ಹೋಗಿರುತ್ತಾರೆ.

ಆಗ ಕೈಹಿಡಿಯುವವನು ಪ್ರತಿಕಾರ. ನಮ್ಮ ಹಳೆಯ ಲಿಪಿಕಾರರು ಕೃತಿ ಮುಗಿದ ಮೇಲೆ ಸುಮ್ಮನೆ ಏಳುವವರಲ್ಲ. ಕೊನೆಯ ಗರಿಯಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಹೇಳುತ್ತಾರೆ. ಇಂಥ ಊರಿನ ಇಂಥವರ ಮಗ ಇಂಥವನು ಇಂಥವರ ಓದಿಗಾಗಿ ಬರೆದೆ ಎನ್ನುತ್ತಾರೆ. ಬೆನ್ನು ಬಾಗಿತು, ಕತ್ತು ನೋಯಿತು, ಇಷ್ಟು ಕಷ್ಟಪಟ್ಟು ಬರೆದದ್ದನ್ನು ನೀರಿಗೆ ಎಣ್ಣೆಗೆ ಹಾಕಬೇಡಿ, ಮೂಢರ ಕೈಗೆ ಕೊಡಬೇಡಿ ಎಂದು ಬೇಡಿಕೊಳ್ಳುತ್ತಾರೆ. ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಕೈಮುಗಿಯುತ್ತಾರೆ. ಪುಸ್ತಕ ಕದ್ದವನಿಗೆ ತಗಲುವ ಪಾಪಗಳ ಪಟ್ಟಿಯನ್ನೂ ಕೆಲವರು ಕೊಡುತ್ತಾರೆ. ಇಂದಿನ ಕಾಪಿರೈಟ್ ಎಚ್ಚರಿಕೆಗಿಂತ ಅದು ಹೆಚ್ಚು ಪರಿಣಾಮಕಾರಿ ಆಗಿದ್ದಿರಬೇಕು. ಪುಷ್ಪಿಕೆ ಎಂದು ಪಂಡಿತರು ಕರೆಯುವ ಈ ನಾಲ್ಕಾರು ಸಾಲನ್ನೇ ನಾನು ಮೊದಲು ಓದುವುದು. ಪತ್ತೇದಾರಿ ಕಾದಂಬರಿಯನ್ನು ಹಾಗೆ ಹಿಂದಿನಿಂದ ಓದುವವರನ್ನು ಕಂಡರೆ ಮಾತ್ರ ನನಗೆ ಆಗದು.

1987ರಲ್ಲಿ ಅಮೆರಿಕದ ಪೊಕಿಪ್ಸಿ ಎಂಬ ಊರಿನ ವಾಸರ್ ಕಾಲೇಜಿನಲ್ಲಿ ವಿದ್ವಾಂಸರು ಸೇರಿ, ಕಂಪ್ಯೂಟರಿಗೆ ಹೋಗುವ ಪಠ್ಯಗಳಿಗೆಲ್ಲ ಒಂದು ಶಿಸ್ತು ಇರಲಿ ಎಂದು ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್, ಅಂದರೆ ಟಿಇಐ, ಶುರುಮಾಡಿದರು. ಅದರ ಪ್ರಕಾರ ಪ್ರತಿ ಪಠ್ಯದ ತಲೆಯ ಮೇಲೂ ಒಂದು ಹೆಡರ್ ಇರಬೇಕು. ಶೀರ್ಷಿಕೆ ಏನು, ಪ್ರಕಟಿಸುತ್ತಿರುವವರು ಯಾರು, ಯಾವ ಮೂಲದಿಂದ ತೆಗೆದದ್ದು: ಈ ಮೂರು ಕಡ್ಡಾಯ. ಹಸ್ತಪ್ರತಿಯಾದರೆ ಎಲ್ಲಿದೆ, ಒಳಗೇನಿದೆ, ಮೈಕಟ್ಟು ಹೇಗಿದೆ, ಯಾರ ಯಾರ ಕೈ ದಾಟಿ ಬಂತು ಎಂದು ಬರೆಯಲು ಬೇರೆ ಮನೆಗಳಿವೆ. ನಮ್ಮವರು ಕಾಲಿನಲ್ಲಿ ಬರೆದದ್ದನ್ನು ಇವರು ತಲೆಗೆ ತಂದರು ಅಷ್ಟೆ. ನಿಜ ಹೇಳಬೇಕೆಂದರೆ ತಂದದ್ದು ಒಳ್ಳೆಯದೇ ಆಯಿತು. ಕಟ್ಟಿನಲ್ಲಿ ಮೊದಲು ಹರಿದು ಹೋಗುವುದು ಕೊನೆಯ ಗರಿ.

ಈ ಹೆಡರಿನಲ್ಲಿ ನನಗೆ ಬಲು ಹಿಡಿಸಿದ ಎರಡು ಸೌಲಭ್ಯಗಳಿವೆ. ಒಂದು, ಯಾವುದೇ ವಿವರದ ಪಕ್ಕದಲ್ಲಿ ಅದನ್ನು ಹೇಳಿದವರು ಯಾರು, ಎಷ್ಟು ಖಾತ್ರಿಯಿಂದ ಹೇಳಿದರು ಎಂದು ನಮೂದಿಸಬಹುದು. ಇನ್ನೊಂದು, ಕಾಲ ಗೊತ್ತಿಲ್ಲದಿದ್ದರೆ ಇಂಥ ವರ್ಷಕ್ಕಿಂತ ಮುಂಚೆ ಅಲ್ಲ, ಇಂಥ ವರ್ಷದ ಆಮೇಲೆ ಅಲ್ಲ ಎಂದು ಎರಡು ಗಡಿ ಕಲ್ಲು ನೆಟ್ಟು ಸುಮ್ಮನಾಗಬಹುದು. ಗೊತ್ತಿಲ್ಲ ಎನ್ನಲು ಇಷ್ಟು ಮರ್ಯಾದೆಯ ದಾರಿ ನಮ್ಮ ಅಟ್ಟದ ತಂಬಿಗೆಯ ಪಂಚಾಯ್ತಿಗೆ ಎಲ್ಲಿತ್ತು!

ಕಾಲದ ವಿಷಯ ಬಂತಲ್ಲ, ಹಂಪಿಯ ವಿರೂಪಾಕ್ಷ ದೇವಾಲಯದ ಒಳಗೆ ಹೋದವರೆಲ್ಲ ಆನೆ ನೋಡಿ ಬರುತ್ತಾರೆ. ರಂಗಮಂಟಪದ ಮುಂದೆ ನಿಂತ ಶಾಸನದ ಕಲ್ಲನ್ನೂ ನೋಡಬೇಕು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಸಂದರ್ಭದಲ್ಲಿ ಸಿಂಗನಾಯಕನಹಳ್ಳಿಯನ್ನು ದೇವರಿಗೆ ಬಿಟ್ಟು, ರಂಗಮಂಟಪ ಗೋಪುರಗಳನ್ನು ಕಟ್ಟಿಸಿದ ಸಂಗತಿ ಅದರಲ್ಲಿದೆ. ಶಕ 1430 ಎಂದು ಕೊಟ್ಟು, ಶುಕ್ಲ ಸಂವತ್ಸರದ ಮಾಘ ಶುದ್ಧ 14 ಎಂದಿದೆ. ಪಂಚಾಂಗದ ಲೆಕ್ಕ ಹಿಡಿದರೆ ಶುಕ್ಲ ಬೀಳುವುದು ಶಕ 1431ಕ್ಕೆ, 1430 ವಿಭವ. ಸಾಮ್ರಾಟನ ಪಟ್ಟಾಭಿಷೇಕದ ಕಲ್ಲಿನಲ್ಲೇ ಒಂದು ವರ್ಷದ ಜಗ್ಗಾಟ. ಸಂವತ್ಸರವನ್ನು ನಂಬಿ 1510ರ ಜನವರಿ ಎಂದು ವಿದ್ವಾಂಸರು ಇಟ್ಟುಕೊಂಡಿದ್ದಾರೆ. ಈಗ ನಮೂನೆಯ ‘ಕಾಲ’ ಎಂಬ ಕಲಮಿನಲ್ಲಿ ಬರೀ 1510 ಎಂದು ತುಂಬಿದರೆ ಕಲ್ಲು ಹೇಳಿದ್ದು ಮರೆಯಾಯಿತು. ಕಲ್ಲಿನಲ್ಲಿದ್ದ ಹಾಗೆ ಬರೆದರೆ ಹುಡುಕುವವನಿಗೆ ಸಿಗುವುದಿಲ್ಲ. ಎರಡನ್ನೂ ಬರೆಯಬೇಕು, ಯಾವುದು ಕಲ್ಲಿನ ಮಾತು ಯಾವುದು ನಮ್ಮ ಲೆಕ್ಕ ಎಂದು ಗೆರೆ ಎಳೆದು ಬರೆಯಬೇಕು. ಕಲ್ಲಿಗಾದರೂ ಶಕ ವರ್ಷ ಇದೆ. ಓಲೆಗರಿಯವರು ಎಷ್ಟೋ ಸಲ ಬರೀ ಸಂವತ್ಸರ ಹೇಳಿ ಬಿಡುತ್ತಾರೆ. ಅದು 60 ವರ್ಷಕ್ಕೊಮ್ಮೆ ಸುತ್ತಿ ಬರುವುದು. ಬರೆದವನಿಗೆ ತಾನಿರುವುದು ಯಾವ ಸುತ್ತು ಎಂದು ಗೊತ್ತಿತ್ತು, ನಮ್ಮ ಗತಿ ಯೋಚಿಸಲಿಲ್ಲ.

ಕಾಲಕ್ಕಿಂತ ಊರಿನ ಕಲಂ ಹೆಚ್ಚು ಸತಾಯಿಸುತ್ತದೆ. ಊರು ಎದ್ದು ಎಲ್ಲಿಗೆ ಹೋಗುತ್ತದೆ ಅಂದುಕೊಂಡಿದ್ದೆವು. ಕಂಪ್ಲಿಯನ್ನೇ ತೆಗೆದುಕೊಳ್ಳಿ. 1939ರಲ್ಲಿ ಆರ್. ಶಾಮಾಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣ ರಾಯರೂ ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದಾಗ ಇದೆಲ್ಲ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ, ಕಂಪ್ಲಿ ಹೊಸಪೇಟೆ ತಾಲ್ಲೂಕಿಗೆ ಸೇರಿದ ಊರು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ರಾಜ್ಯದ ಹೆಸರು ಬದಲಾಯಿತು. 2014ರಲ್ಲಿ ಇಂಗ್ಲಿಷಿನ ‘ಹಾಸ್ಪೆಟ್’ ಹೋಗಿ ಹೊಸಪೇಟೆ ಆಯಿತು. ಆಮೇಲೆ ಕಂಪ್ಲಿಯೇ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ ಹೊಸಪೇಟೆ, ಹಂಪಿ ಆ ಕಡೆ ಹೋದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಸಂಡೂರಿನದು ಇನ್ನೂ ಬೇರೆ ಕಥೆ, ಅದು 1949ರವರೆಗೆ ಘೋರ್ಪಡೆ ಮನೆತನದ ಸ್ವಂತ ಸಂಸ್ಥಾನ. ಇಷ್ಟೆಲ್ಲ ಆದರೂ ಕಂಪ್ಲಿಯ ಕೋಟೆ ಇದ್ದಲ್ಲೇ ಇದೆ, ನದಿಯೂ ಅದರ ಪಕ್ಕದಲ್ಲೇ ಹರಿಯುತ್ತಿದೆ.

ಇದ್ದಲ್ಲೇ ಇಲ್ಲದ ಊರುಗಳೂ ಉಂಟು. ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿ, ಜನ ಮರಿಯಮ್ಮನಹಳ್ಳಿಗೆ ಬಂದರು, ತಮ್ಮ ನಾಟಕದ ಹುಚ್ಚನ್ನೂ ಜೊತೆಗೆ ತಂದರು. ಆ ಊರಿನಲ್ಲಿ ಬರೆದದ್ದು ಎಂದು ಕೊನೆಯ ಗರಿ ಹೇಳುವ ಒಂದು ಕಟ್ಟು ನಿಮ್ಮ ಮುಂದೆ ಬಂದರೆ ಭೂಪಟದ ಯಾವ ಬಿಂದುವಿನ ಮೇಲೆ ಬೆರಳಿಡುತ್ತೀರಿ? ನಾನಂತೂ ನೀರಿನ ಮೇಲೇ ಇಡುತ್ತೇನೆ, ಪಕ್ಕದಲ್ಲಿ ಮರಿಯಮ್ಮನಹಳ್ಳಿ ನೋಡಿ ಎಂದು ಬರೆಯುತ್ತೇನೆ.

ಶಾಮಾಶಾಸ್ತ್ರಿಗಳ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಮೈಸೂರಿನ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿ ಜಗತ್ತನ್ನೇ ಬೆರಗುಗೊಳಿಸಿದವರು ಇವರೇ. ಆ ಪ್ರತಿಯನ್ನು ಮೈಸೂರಿಗೆ ತಂದುಕೊಟ್ಟವನು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ. ಒಬ್ಬ ಪಂಡಿತ, ಅಷ್ಟೆ. ಹೆಸರಿಲ್ಲ. ‘ಕೊಟ್ಟವರು’ ಎಂಬ ಕಲಂ ಖಾಲಿ ಬಿಟ್ಟಾಗಲೆಲ್ಲ ನನಗೆ ಆ ಮನುಷ್ಯನ ನೆನಪಾಗುತ್ತದೆ.

ಇದಕ್ಕೆ ಪ್ರತಿಯಾಗಿ ಅದೃಷ್ಟವಂತರೂ ಇದ್ದಾರೆ. ಹಂಪಿಯ ವೈಭವ ಎಂದಾಗಲೆಲ್ಲ ನಾವು ಬಾಯಿತುಂಬ ಹೇಳುವ ಪೋರ್ಚುಗೀಸರು, ಡೊಮಿಂಗೊ ಪಾಯೆಸ್ ಮತ್ತು ಫರ್ನಾವೊ ನೂನಿಜ್. ಅವರ ಬರಹಗಳು ಪ್ಯಾರಿಸಿನ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ ಮಲಗಿದ್ದವು. ಡೇವಿಡ್ ಲೋಪೆಸ್ 1897ರಲ್ಲಿ ಅವನ್ನು ಪ್ರಕಟಿಸಿದರು, ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು. ಬರಹಗಳ ಜೊತೆಗೆ ಒಂದು ಲಗತ್ತು ಪತ್ರ ಇತ್ತು. ಬಿಸ್ನಗಕ್ಕೆ, ಅಂದರೆ ವಿಜಯನಗರಕ್ಕೆ, ಹೋಗಿಬಂದವರನ್ನು ಹುಡುಕಿ ಈ ಎರಡು ಟಿಪ್ಪಣಿಗಳನ್ನು ಇಂಥವರಿಂದ ಪಡೆದು ಕಳಿಸುತ್ತಿದ್ದೇನೆ ಎಂದು ಯಾರೋ ಪೋರ್ಚುಗಲ್ಲಿನ ದೊಡ್ಡ ಮನುಷ್ಯರಿಗೆ ಬರೆದದ್ದು. ಆ ಪತ್ರ ಕಳಚಿ ಬಿದ್ದಿದ್ದರೆ ಪಾಯೆಸ್ಸೂ ಇಲ್ಲ, ನೂನಿಜ್ಜೂ ಇಲ್ಲ. ನಮ್ಮ ಶಾಲೆಯ ಮಕ್ಕಳು ‘ಒಬ್ಬ ವಿದೇಶಿ ಪ್ರವಾಸಿಯ ಪ್ರಕಾರ’ ಎಂದು ಉತ್ತರ ಬರೆಯಬೇಕಾಗಿತ್ತು. ತಮಾಷೆ ಎಂದರೆ ಇಷ್ಟು ಜೋಪಾನವಾಗಿ ಇಬ್ಬರ ಹೆಸರು ಬರೆದ ಆ ಪುಣ್ಯಾತ್ಮನೇ ಹೆಸರಿಲ್ಲದೆ ಉಳಿದಿದ್ದಾನೆ.

ಕನ್ನಡದಲ್ಲಿ ಹೆಸರು ಉಳಿಸಿಕೊಳ್ಳುವ ಉಪಾಯ ಬೇರೆಯೇ ಇತ್ತು. ಹೊರಗೆ ಬರೆದ ಚೀಟಿ ಹಾರಿ ಹೋಗುತ್ತದೆ ಎಂದು ಅದನ್ನು ಹಾಡಿನ ಒಳಗೇ ನೇಯ್ದುಬಿಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಪುರಂದರ ವಿಠಲ ಎಂದರೆ ಹಂಪಿಯ ಹೊಳೆದಂಡೆಯ ಮಂಟಪದ ದಾಸರು. ಓದುಬರಹ ಬಾರದವರ ಬಾಯಲ್ಲಿ ನೂರಾರು ವರ್ಷ ಅಲೆದರೂ ಕರ್ತೃವಿನ ಕಲಂ ಖಾಲಿಯಾಗಲಿಲ್ಲ. ಪ್ರೌಢದೇವರಾಯನ ಕಾಲದಲ್ಲಿ ಇದೇ ವಿಜಯನಗರದಲ್ಲಿ ವಿರಕ್ತರು ಕೂತು ವಚನಗಳನ್ನು ಒಟ್ಟುಮಾಡಿದಾಗ ಅವರಿಗೆ ದಾರಿ ತೋರಿಸಿದ್ದು ಈ ಅಂಕಿತಗಳೇ. ನಮ್ಮ ಕಾಲದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯುನಿಕೋಡಿನಲ್ಲಿ ಹುಡುಕಲು ಸಿಗುವಂತೆ ಮಾಡಿದ ‘ವಚನ ಸಂಚಯ’ಕ್ಕೂ ಅವೇ ಆಧಾರ, ಆ ಕೆಲಸಕ್ಕೆ ಕೈಜೋಡಿಸಿದವರಲ್ಲಿ ಸಂಡೂರಿನ ಕಥೆಗಾರ ವಸುಧೇಂದ್ರ ಒಬ್ಬರು ಎನ್ನುವುದು ನಮಗೆ ಊರಿನ ಹೆಮ್ಮೆ. ಅಂಕಿತ ಮುಟ್ಟಿದರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಇದ್ದಲ್ಲೆಲ್ಲ ಲಿಂಗದೇವ ಎಂದು ಬದಲಿಸಿದರು. ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ಕಲಮಿನ ತಿದ್ದುಪಡಿ ದಿಲ್ಲಿಯವರೆಗೆ ಹೋಯಿತು.

ಸಾಂಗತ್ಯಗಳ ಕವಿಗಳು ಇಷ್ಟು ಉಪಕಾರ ಮಾಡಿಲ್ಲ. ಕಂಪಿಲರಾಯನ ಮಗ ಕುಮಾರರಾಮನ ಮೇಲೆ ನಂಜುಂಡ ಬರೆದ, ಪಾಂಚಾಳ ಗಂಗ ಬರೆದ, ಇನ್ನೂ ಕೆಲವರು ಬರೆದರು. ಕಟ್ಟಿನ ಮೇಲಿನ ಚೀಟಿಯಲ್ಲಿ ಮಾತ್ರ ‘ಕುಮಾರರಾಮನ ಕಥೆ’. ಯಾವ ರಾಮ, ಯಾರ ರಾಮ ಎಂದು ಆದಿ ಅಂತ್ಯ ಹೋಲಿಸಿ ನೋಡುವಷ್ಟರಲ್ಲಿ ಮಧ್ಯಾಹ್ನದ ಊಟ ಆರಿ ಹೋಗಿರುತ್ತದೆ.

ಕಟ್ಟಡಗಳ ಹೆಸರುಗಳೂ ಹೀಗೇ ಜಾರುತ್ತವೆ. ಕಮಲಾಪುರದಿಂದ ಕಂಪ್ಲಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಬಸದಿ ಇದೆ. ಎದುರಿಗೆ ನಿಂತ ದೀಪಸ್ತಂಭದ ಮೇಲೆ ಸ್ಪಷ್ಟವಾಗಿ ಕೊರೆದಿದೆ: ಎರಡನೆಯ ಹರಿಹರನ ಕಾಲದಲ್ಲಿ, 1385-86ರ ಹೊತ್ತಿಗೆ, ಇರುಗಪ್ಪ ದಂಡನಾಯಕ ಕಟ್ಟಿಸಿದ ಕುಂಥು ಜಿನನಾಥನ ಚೈತ್ಯಾಲಯ. ಜನ ಅದನ್ನು ಗಾಣಗಿತ್ತಿ ಗುಡಿ ಎನ್ನುತ್ತಾರೆ. ಆ ಗಾಣಗಿತ್ತಿ ಯಾರು, ಯಾವಾಗ ಬಂದಳು, ದಂಡನಾಯಕನನ್ನು ಹೇಗೆ ಎಬ್ಬಿಸಿ ಕಳಿಸಿದಳು ಎಂದು ಕಂಬ ಹೇಳುವುದಿಲ್ಲ. ಇತ್ತ ಕೃಷ್ಣ ದೇವಾಲಯದ ದಕ್ಷಿಣಕ್ಕೆ 1528ರಲ್ಲಿ ಪ್ರತಿಷ್ಠಾಪಿಸಿದ ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಒಡೆದರು. ಗಂಡನ ಬೆನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ. ಲಕ್ಷ್ಮಿ ಹೋದ ಮೇಲೆ ನರಸಿಂಹ ಜನರ ಬಾಯಲ್ಲಿ ಉಗ್ರನರಸಿಂಹನಾದ. ಹೆಂಡತಿ ಕಳೆದುಕೊಂಡವನ ಮುಖ ನೋಡಿ ಇಟ್ಟ ಹೆಸರು. ಗೈಡುಗಳು, ಪೋಸ್ಟ್‌ಕಾರ್ಡುಗಳು, ಬಸ್ ಟಿಕೆಟ್ಟಿನ ಜಾಹೀರಾತುಗಳು ಎಲ್ಲ ಅದನ್ನೇ ಹಿಡಿದಿವೆ. ಕಮಲ ಮಹಲ್, ರಾಣಿ ಸ್ನಾನಗೃಹ ಕೂಡ ನಂತರದವರ ಊಹೆಗಳೇ. ಹಾಗೆಂದು ಜನರ ಹೆಸರನ್ನು ಕಿತ್ತೆಸೆಯಬೇಕು ಎನ್ನುವ ಶುದ್ಧವಾದಿ ನಾನಲ್ಲ. ಗಾಣಗಿತ್ತಿ ಗುಡಿ ಎಂದು ಕೇಳಿದರೆ ಆಟೋದವನು ಕರೆದುಕೊಂಡು ಹೋಗುತ್ತಾನೆ. ಕುಂಥು ಜಿನನಾಥ ಚೈತ್ಯಾಲಯ ಎಂದರೆ ಬಸ್‌ಸ್ಟ್ಯಾಂಡಿನಲ್ಲೇ ನಿಂತಿರಬೇಕು. ಎರಡೂ ಇರಲಿ, ಯಾವುದು ಕಂಬದ್ದು ಯಾವುದು ಜನರದ್ದು ಎಂದು ಮಾತ್ರ ಗೊತ್ತಿರಲಿ.

1991ರಲ್ಲಿ ಇಲ್ಲೇ ಹಂಪಿಯಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಊರೂರು ಅಲೆದು ಕಟ್ಟುಗಳನ್ನು ತಂದು ಹಸ್ತಪ್ರತಿ ಸೂಚಿಗಳನ್ನು ಪ್ರಕಟಿಸಿದೆ. ಸರ್ವೆ ಅಧಿಕಾರಿ ಮೆಕೆಂಜಿ ಬರೆಸಿಟ್ಟ ಹಳ್ಳಿ ಹಳ್ಳಿಯ ಚರಿತ್ರೆಗಳನ್ನು ಎಂ.ಎಂ. ಕಲಬುರ್ಗಿಯವರು ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಸಂಪಾದಿಸಿದ್ದನ್ನು 1994ರಲ್ಲಿ ಅಚ್ಚು ಮಾಡಿದ್ದೂ ಇದೇ ವಿಶ್ವವಿದ್ಯಾಲಯ. ಆ ಸೂಚಿಗಳ ಹಿಂದಿನ ದುಡಿಮೆ ಬಲ್ಲವನಾದ್ದರಿಂದ ನನಗೆ ಕಂಪ್ಯೂಟರಿನ ಮೇಲೆ ಒಂದು ದೂರು ಇದೆ. ಓಲೆಗರಿ ಮುನ್ನೂರು ವರ್ಷದ ಮೇಲೂ ಓದಲು ಬರುತ್ತದೆ. ಇಪ್ಪತ್ತು ವರ್ಷದ ಕೆಳಗೆ ಟೈಪು ಮಾಡಿದ ಫೈಲು ತೆರೆದರೆ ಕನ್ನಡದ ಬದಲು ಫ್ರೆಂಚ್ ಕೊಂಬು ಬಾಲಗಳ ಜಾತ್ರೆ. ನುಡಿಯಲ್ಲಿ ಹೊಡೆದದ್ದೋ, ಬರಹದಲ್ಲೋ, ಶ್ರೀಲಿಪಿಯಲ್ಲೋ? ಫಾಂಟಿನ ಹೆಸರು ಎಲ್ಲೂ ಬರೆದಿಲ್ಲ. ಫೈಲಿನ ಹೆಸರು ‘ಹೊಸ ಫೈನಲ್ 2’. ಟೈಪು ಮಾಡಿದವರ ಬೆನ್ನೂ ಬಾಗಿತ್ತು, ಕತ್ತೂ ನೋಯುತ್ತಿತ್ತು. ಆದರೆ ಕೊನೆಯ ಗರಿಯಲ್ಲಿ ಒಂದು ಸಾಲು ಬರೆಯುವ ಅಭ್ಯಾಸ ತಪ್ಪಿಹೋಗಿತ್ತು.

ಇನ್ನು ಫೋಟೋಗಳ ವಿಷಯ. ಹಂಪಿಯ ಕಟ್ಟಡಗಳನ್ನು ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿ 1856ರಲ್ಲಿ ಫೋಟೋ ತೆಗೆದ. ಜಾನ್ ಗಾಲಿಂಗ್ಸ್ 1983ರಲ್ಲಿ ಹುಡುಕಿಕೊಂಡು ಹೋಗಿ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಬಂಡೆ, ಗೋಪುರಗಳೇ ಜಾಗ ಹೇಳಿದವು. ಓಲೆಗರಿಯ ಫೋಟೋದಲ್ಲಿ ಬಂಡೆ ಕಾಣುವುದಿಲ್ಲ. ಮೊನ್ನೆ ಮೊನ್ನೆ ವಾಟ್ಸಾಪಿನಲ್ಲಿ ಚೆಂದದ ಕಟ್ಟೊಂದರ ಚಿತ್ರಗಳು ಬಂದವು. ಯಾರೋ ಯಾರಿಗೋ ಕಳಿಸಿ ನನ್ನವರೆಗೆ ಬಂದದ್ದು. ಓದಿದರೆ ಚಾಮರಸನ ‘ಪ್ರಭುಲಿಂಗಲೀಲೆ’. ಕಟ್ಟು ಯಾವ ಊರಿನಲ್ಲಿದೆ, ಈಗಲೂ ಇದೆಯೋ, ಚಿತ್ರದಲ್ಲಿ ಬಿಟ್ಟುಹೋದ ಗರಿಗಳು ಕಟ್ಟಿನಲ್ಲಿವೆಯೋ, ಕೇಳೋಣವೆಂದರೆ ಕಳಿಸಿದವರಿಗೂ ಗೊತ್ತಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಅಟ್ಟದ ಮೇಲೆ, ದೇವರ ಮನೆಯ ಗೂಡಿನಲ್ಲಿ ಒಂದು ಕಟ್ಟು ಇದ್ದರೆ ಮೊಬೈಲ್ ತೆಗೆಯುವ ಮುಂಚೆ ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ಯಾರ ಮನೆ, ಯಾವ ಊರು, ಗರಿ ಎಷ್ಟು, ಇಂದಿನ ತಾರೀಖು, ಫೋಟೋ ತೆಗೆದವರು ಯಾರು. ಮುತ್ತಾತನ ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ, ಊಹೆಯಾದರೆ ಊಹೆ ಎಂದು. ಆ ಕಾಗದವನ್ನು ಕಟ್ಟಿನ ಪಕ್ಕ ಇಟ್ಟು ಮೊದಲ ಚಿತ್ರ ತೆಗೆಯಿರಿ. ದೊಡ್ಡಪ್ಪ ಇನ್ನೂ ಇದ್ದರೆ ಇವತ್ತೇ ಹೋಗಿ ಕೇಳಿ.